ಗಿಡುಗವೋ, ಕೋಗಿಲೆ ಜಾತಿಯೋ? ಫೋಟೊದಲ್ಲಿ ಹೀಗೆ ಗುರುತಿಸಿ

"ಅಣ್ಣಾ, ಕೋಳಿಮರಿ ಒಯ್ಯೋ ಗಿಡುಗ ಇದೇನಾ?" ಅಂತ ನನಗೆ ಆಗಾಗ ವಾಟ್ಸಾಪ್‌ನಲ್ಲಿ ಫೋಟೊ ಬರುತ್ತೆ. ಬೂದು ಬೆನ್ನು, ಬಾಲದಲ್ಲಿ ಅಡ್ಡಪಟ್ಟೆ. ಅಷ್ಟಕ್ಕೇ ಕಲ್ಲು ಎತ್ತಬೇಡಿ. ಈ ಎರಡೂ ಲಕ್ಷಣ ಶಿಕ್ರಾ ಗಿಡುಗಕ್ಕೂ ಇವೆ, ಹಾಕ್ ಕುಕ್ಕೂ ಎಂಬ ಕೋಗಿಲೆ ಜಾತಿಯ ಹಕ್ಕಿಗೂ ಇವೆ. ಕುಕ್ಕೂ ಕೋಳಿಮರಿ ತಂಟೆಗೆ ಹೋಗಲ್ಲ. ಅದರ ಮುಖ್ಯ ಆಹಾರ ಕಂಬಳಿಹುಳ ಮತ್ತಿತರ ಕೀಟಗಳು.

ಫೋಟೊ ಜೂಮ್ ಮಾಡಿ ನೋಡಿ:

1. ಕೊಕ್ಕು: ಶಿಕ್ರಾದ್ದು ಗಿಡ್ಡ, ಕೊಕ್ಕೆಯಂತೆ ಬಾಗಿರುತ್ತೆ. ಕುಕ್ಕೂದು ನೀಳ, ತುದಿ ಸ್ವಲ್ಪವೇ ಬಾಗಿರುತ್ತೆ.
2. ಕಾಲು: ಶಿಕ್ರಾಕ್ಕೆ ಚೂಪು ಉಗುರು, ಮೂರು ಬೆರಳು ಮುಂದೆ, ಒಂದು ಹಿಂದೆ. ಕುಕ್ಕೂಗೆ ಎರಡು ಮುಂದೆ, ಎರಡು ಹಿಂದೆ.
3. ಕಣ್ಣು: ಕುಕ್ಕೂ ಕಣ್ಣಿನ ಸುತ್ತ ಹಳದಿ ಉಂಗುರ.

ಬಣ್ಣವೊಂದನ್ನೇ ನಂಬಬೇಡಿ. ಹಕ್ಕಿಯ ಹಿಂದೆ ಬಿಸಿಲಿದ್ದರೆ ಎಲ್ಲವೂ ಕಪ್ಪು. ಎಳೆಯ ಹಕ್ಕಿಗಳಂತೂ ಎರಡರಲ್ಲೂ ಕಂದು, ಎದೆ ಮೇಲೆ ಗೆರೆ. ಅದಕ್ಕೇ ಪಕ್ಕದಿಂದ ನಾಲ್ಕೈದು ಫೋಟೊ ತೆಗೆಯಿರಿ, ಕೂಗನ್ನೂ ರೆಕಾರ್ಡ್ ಮಾಡಿ. "ಪೀ-ಕಹಾ" ಅಂತ ಸ್ವರ ಏರಿಸುತ್ತಾ ಹೋದರೆ ಕುಕ್ಕೂ.

ಶಿಕ್ರಾನೇ ಆದರೂ ಹೊಡೆಯಬೇಡಿ. ಅದು ಇಲಿ, ಮಿಡತೆಗಳನ್ನೂ ತಿನ್ನುತ್ತೆ. ಹಕ್ಕಿ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಮರಿಗಳು ಬಲಿಯುವವರೆಗೆ ಮೇಲೊಂದು ಬಲೆ ಕಟ್ಟಿ, ಸಾಕು.