ಹೊಲಕ್ಕೂ ಬೇಟೆಗೂ ಒಂದೇ ರಿವಾಲ್ವರ್ ಸಾಕೇ?

ಪ್ರಶ್ನೆ: ನನ್ನ ತಂಗಿಯ ಮಗ ಅಮೆರಿಕದ ಟೆಕ್ಸಾಸಿನಲ್ಲಿ ಜಮೀನು ಕೊಂಡಿದ್ದಾನೆ. ಹಾವು, ಕಾಡುಹಂದಿಗಳ ಕಾಟವಂತೆ. ಅಕ್ಕಪಕ್ಕದವರು ಸೊಂಟಕ್ಕೆ ರಿವಾಲ್ವರ್ ಕಟ್ಟಿಕೊಂಡೇ ಹೊಲಕ್ಕೆ ಇಳಿಯುತ್ತಾರಂತೆ. ದಿನದ ಓಡಾಟಕ್ಕೂ ಬೇಟೆಗೂ ಒಂದನ್ನೇ ಕೊಳ್ಳುವುದಾದರೆ ಯಾವ ಕ್ಯಾಲಿಬರ್ ಒಳ್ಳೆಯದು?
– ಓದುಗರೊಬ್ಬರು, ಸಾಗರ

ಉತ್ತರ: ಒಂದೇ ಸಾಕು ಎಂದರೆ .357 ಮ್ಯಾಗ್ನಂ ಕೊಳ್ಳಲಿ. ಅದರಲ್ಲಿ ಎರಡು ಬಗೆಯ ತೋಟಾ ನಡೆಯುತ್ತದೆ. ಹಳೆಯ .38 ಸ್ಪೆಷಲ್ ತೋಟಾವನ್ನೇ ಸುಮಾರು 3 ಮಿಲಿಮೀಟರ್ ಉದ್ದ ಮಾಡಿ, ಒತ್ತಡ ಏರಿಸಿ 1930ರ ದಶಕದಲ್ಲಿ .357 ತಯಾರಿಸಿದರು. ಗುಂಡಿನ ದಪ್ಪ ಎರಡಕ್ಕೂ ಒಂದೇ. ಹಾಗಾಗಿ .357 ರಿವಾಲ್ವರಿನಲ್ಲಿ .38 ಹಾಕಿ ಹೊಡೆಯಬಹುದು. ತಿರುವುಮುರುವು ಆಗದು; .38ರ ರಿವಾಲ್ವರು ಅಷ್ಟು ಒತ್ತಡ ತಾಳಲಾರದೆಂದೇ ಉದ್ದ ಹೆಚ್ಚಿಸಿದ್ದು. ಅಭ್ಯಾಸಕ್ಕೆ .38, ಹಂದಿಗೆ .357.

ಒಂದು ಸಣ್ಣ ಕಿರಿಕಿರಿ ಇದೆ. ಗಿಡ್ಡ ತೋಟಾವನ್ನೇ ಹೊಡೆಯುತ್ತ ಹೋದರೆ ಸಿಲಿಂಡರಿನ ತೂತುಗಳೊಳಗೆ, ತೋಟಾದ ಬಾಯಿ ಮುಗಿಯುವ ಕಡೆ ಬಳೆಯಂತೆ ಮಸಿ ಕಟ್ಟುತ್ತದೆ. ಆಮೇಲೆ ಉದ್ದದ ತೋಟಾ ತುರುಕಿದರೆ ಅಲ್ಲೇ ಬಿಗಿದು ನಿಲ್ಲುತ್ತದೆ. ಹಿತ್ತಾಳೆ ಬ್ರಷ್ ಹಾಕಿ ಉಜ್ಜಬೇಕು.

ದಿನದ ಕೆಲಸ ಮಾತ್ರ ನೋಡಿದರೆ .22 ಸಾಕು. 1880ರ ದಶಕದ ಈ ಪುಟ್ಟ ತೋಟಾ ಇವತ್ತಿಗೂ ಎಲ್ಲಕ್ಕಿಂತ ಅಗ್ಗ. ಗುಂಡಿನ ತೂಕ ಎರಡೂವರೆ ಗ್ರಾಂ ಚಿಲ್ಲರೆ; ಕೈಗೆ ಒದೆತವೇ ಗೊತ್ತಾಗುವುದಿಲ್ಲ. ಹೊಸಬರು ಗುರಿ ಕಲಿಯುವುದೂ ಇದರಲ್ಲೇ. ಆದರೆ ಟೆಕ್ಸಾಸಿನ ಕಾನೂನು ಜಿಂಕೆ ಬೇಟೆಗೆ ಇದನ್ನು ಒಪ್ಪುವುದಿಲ್ಲ, ಹಂದಿಗೆ ಇದನ್ನು ನೆಚ್ಚುವುದು ಹುಚ್ಚುತನ.

ಹಾವಿಗೆ ಗುಂಡು ಬೇಡ, ಕಲ್ಲಿಗೆ ಬಡಿದು ಎತ್ತಲೋ ಸಿಡಿಯುತ್ತದೆ. .22ಕ್ಕೂ .38ಕ್ಕೂ ನುಣ್ಣನೆಯ ಚರೆ ತುಂಬಿದ ತೋಟಾ ಸಿಗುತ್ತದೆ. ಮೂರು ಮೀಟರಿನಾಚೆ ಅದು ಚೆಲ್ಲಾಪಿಲ್ಲಿ. ರ‍್ಯಾಟಲ್‌ಸ್ನೇಕ್ ಬಾಲ ಅಲ್ಲಾಡಿಸಿ ಸದ್ದು ಮಾಡುವುದೇ ದೂರ ಸರಿಯಿರಿ ಎಂದು ಹೇಳುವುದಕ್ಕೆ. ಸರಿದರೆ ಚರೆಯೂ ಬೇಕಾಗದು.

.44 ಮ್ಯಾಗ್ನಂ ಕೊಳ್ಳು ಎನ್ನುವವರು ಅವನಿಗೆ ಖಂಡಿತ ಸಿಗುತ್ತಾರೆ. ಐಡಾಹೊ ರಾಜ್ಯದಲ್ಲಿ ದನ ಸಾಕುತ್ತಿದ್ದ ಬೇಟೆಗಾರ, ಲೇಖಕ ಎಲ್ಮರ್ ಕೀತ್ ವರ್ಷಗಟ್ಟಲೆ ಕಂಪನಿಗಳ ಬೆನ್ನು ಬಿದ್ದದ್ದರಿಂದ 1955ರಲ್ಲಿ ಬಂದದ್ದು ಇದು. 1971ರ ‘ಡರ್ಟಿ ಹ್ಯಾರಿ’ ಚಿತ್ರ ಅದನ್ನು ಮನೆಮಾತು ಮಾಡಿತು. ಗುಂಡು ಹದಿನೈದೂವರೆ ಗ್ರಾಂ, .357ರ ಒಂದೂವರೆ ಪಟ್ಟು. ದೊಡ್ಡ ಹಂದಿಗೂ ಕರಡಿಗೂ ಸರಿಯೇ. ಆದರೆ ಅದರ ಒದೆತಕ್ಕೆ ಹೆದರಿ ಕಣ್ಣು ಮುಚ್ಚಿ ಕುದುರೆ ಎಳೆಯುವವರೇ ಬಹಳ. ಕಿವಿಯ ಮಾತು ಬೇರೆ: .357 ಆಗಲಿ .44 ಆಗಲಿ, ಕಿವಿ ಮುಚ್ಚಿಕೊಳ್ಳದೆ ಹೊಡೆದ ಒಂದೇ ಈಡು ಕಿವಿಗೆ ಶಾಶ್ವತ ಪೆಟ್ಟು ಕೊಡಬಲ್ಲದು.

ನಿಜ ಹೇಳಬೇಕೆಂದರೆ, ಬೇಟೆಗೆ ರೈಫಲ್ಲೇ ಸರಿ. ಗಿಡ್ಡ ನಳಿಗೆಯ ಕೈಬಂದೂಕಿನಿಂದ ಐವತ್ತು ಮೀಟರಿನಾಚೆಯ ಪ್ರಾಣಿಗೆ ಗುರಿಯಿಟ್ಟರೆ ಅದು ಗಾಯಗೊಂಡು ಓಡಿ ಎಲ್ಲೋ ನರಳಿ ಸಾಯುವ ಸಂಭವವೇ ಹೆಚ್ಚು.

ಟೆಕ್ಸಾಸಿನಲ್ಲಿ ಕಾಡುಹಂದಿ ಹೊರಗಿನಿಂದ ಬಂದು ತುಂಬಿಕೊಂಡ ಪ್ರಾಣಿ. ಖಾಸಗಿ ಜಮೀನಿನಲ್ಲಿ ಮಾಲೀಕನ ಒಪ್ಪಿಗೆ ಇದ್ದರೆ ಅದನ್ನು ಹೊಡೆಯಲು 2019ರಿಂದ ಬೇಟೆ ಲೈಸೆನ್ಸೂ ಬೇಡ. ಇದನ್ನೇ ನಂಬಿ ಸಾಗರದಲ್ಲಿ ಯಾರೂ ತೋಟಾ ತುಂಬಿಕೊಳ್ಳಬೇಡಿ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಹಂದಿ ಅಡಿಕೆ ತೋಟವನ್ನೇ ಅಗೆದರೂ ಅರಣ್ಯ ಇಲಾಖೆಯನ್ನೇ ಕೇಳಬೇಕು.

ಇನ್ನೊಂದು ಮಾತು. ಹುಡುಗ ಎಚ್-1ಬಿ ವೀಸಾದಲ್ಲಿದ್ದರೆ ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಬಂದೂಕಾಗಲಿ ತೋಟಾವಾಗಲಿ ಇಟ್ಟುಕೊಳ್ಳುವುದೇ ಅಪರಾಧ. ಊರ್ಜಿತದಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಉಂಟು. ಗ್ರೀನ್ ಕಾರ್ಡ್ ಬಂದಿದ್ದರೆ ಈ ತೊಡಕಿಲ್ಲ. ಅಂಗಡಿಗೆ ಹೋಗುವ ಮೊದಲು ಅಲ್ಲಿನ ವಕೀಲರೊಬ್ಬರನ್ನು ಕಾಣಲು ಹೇಳಿ.