ಮನೆಯ ಸ್ವಿಚ್ಚು ಎಲ್ಲಿರಬೇಕು?

1902ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ದೀಪಗಳು ಅದೇ ಶಕ್ತಿಯಿಂದ ಬೆಳಗಿದವು. ಶಕ್ತಿಯನ್ನು ಹುಟ್ಟಿಸುವ ಯಂತ್ರವು ಹರದಾರಿಗಟ್ಟಲೆ ದೂರದಲ್ಲಿದ್ದರೂ ದೀಪ ಹೊತ್ತಿಸುವ ಸ್ವಿಚ್ಚು ಮಾತ್ರ ಮನೆಯ ಗೋಡೆಯ ಮೇಲೆಯೇ ಉಳಿಯಿತು. ಈಗ ಆ ಸ್ವಿಚ್ಚೂ ಊರು ಬಿಡಲು ಹೊರಟಿದೆ. ಮನೆಯ ಯಂತ್ರಗಳನ್ನು ನಡೆಸುವ ತಂತ್ರಾಂಶವನ್ನು ಮನೆಯಲ್ಲಿಡದೆ ದೂರದ ಕ್ಲೌಡ್ ಸರ್ವರಿನಲ್ಲಿಟ್ಟು ನಡೆಸುವುದು ಸಾಧ್ಯವೆ, ಸಾಧ್ಯವಾದರೂ ಸಾಧುವೆ ಎಂಬುದನ್ನು ಇಲ್ಲಿ ವಿಚಾರಮಾಡಬೇಕೆಂದಿದ್ದೇನೆ. ಹೆಸರು ಮೋಡವೆಂದಿದ್ದರೂ ಅದು ನೆಲದ ಮೇಲಿನ ಕಟ್ಟಡವೊಂದರಲ್ಲಿ ಬಾಡಿಗೆಗೆ ದೊರೆಯುವ ಕಂಪ್ಯೂಟರೇ ಹೊರತು ಬೇರೆಯಲ್ಲ. ಅಮೆಜಾನ್ ಸಂಸ್ಥೆಯು ಇಂತಹ ಕೇಂದ್ರಗಳನ್ನು 2016ರಲ್ಲಿ ಮುಂಬಯಿಯಲ್ಲಿಯೂ 2022ರಲ್ಲಿ ಹೈದರಾಬಾದಿನಲ್ಲಿಯೂ ತೆರೆಯಿತು.

ಉದಾಹರಣೆಗೆ, ನಾನು ಬಲ್ಲ ಇಂದಿರಾನಗರದ ಒಂದು ಮನೆಯ ಸಂಪನ್ನು ತೆಗೆದುಕೊಳ್ಳೋಣ. ಮಕ್ಕಳು ಪರದೇಶದಲ್ಲಿದ್ದಾರೆ, ಮನೆಯಲ್ಲಿರುವವರು ಮಹಡಿ ಹತ್ತಲಾರದ ವೃದ್ಧ ದಂಪತಿಗಳು. ನಲ್ಲಿಯ ನೀರು ಸಂಪಿಗೆ ಬೀಳುತ್ತದೆ. ಮೋಟಾರು ಅದನ್ನು ಮೇಲಿನ ಟ್ಯಾಂಕಿಗೆ ಏರಿಸಬೇಕು. ಟ್ಯಾಂಕು ತುಂಬಿದ ಮೇಲೂ ಮೋಟಾರು ನಿಲ್ಲದಿದ್ದರೆ ನೀರು ಬೀದಿಯ ಪಾಲು. ಸಂಪು ಬರಿದಾದ ಮೇಲೂ ಓಡಿದರೆ ಮೋಟಾರೇ ಸುಟ್ಟುಹೋಗುವ ಭಯ. ಈ ನೀರಾದರೋ ಅದೇ ಶಿವನಸಮುದ್ರದ ಸೀಮೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ದೂರ, ಸುಮಾರು 500 ಮೀಟರು ಎತ್ತರಕ್ಕೆ, ಮೂರು ಹಂತಗಳಲ್ಲಿ ಪಂಪುಮಾಡಿ ತಂದ ಕಾವೇರಿ. 2024ರ ಬೇಸಗೆಯಲ್ಲಿ ಟ್ಯಾಂಕರಿಗಾಗಿ ಕಾದವರಿಗೆ ಅದರ ಬೆಲೆಯನ್ನು ಹೇಳಿಕೊಡಬೇಕಾಗಿಲ್ಲ.

ಇಂತಹ ಕೆಲಸಕ್ಕೆ ಹೆಸರಾದ ತಂತ್ರಾಂಶ ಹೋಮ್ ಅಸಿಸ್ಟೆಂಟ್. ಪೌಲಸ್ ಸ್ಕೌಟ್ಸೆನ್ ಎಂಬುವರು 2013ರಲ್ಲಿ ಇದನ್ನು ಆರಂಭಿಸಿದರು. ಸಾಮಾನ್ಯವಾಗಿ ಇದು ಮನೆಯೊಳಗಿನ ಸಣ್ಣ ಕಂಪ್ಯೂಟರಿನಲ್ಲಿ ನಡೆಯತಕ್ಕದ್ದು. ಮನೆಯ ಜಾಲದಲ್ಲಿ ಕೂಗುಹಾಕಿ, ಓಗೊಟ್ಟ ಉಪಕರಣಗಳನ್ನು ಗುರುತಿಸಿಕೊಳ್ಳುತ್ತದೆ. ಸರ್ವರನ್ನು ಮುಂಬಯಿಗೆ ಒಯ್ದರೆ ಆ ಕೂಗು ಮನೆಯ ಗೇಟನ್ನೇ ಮುಟ್ಟದು. ಜಿಗ್‌ಬೀ ಉಪಕರಣಗಳ ರೇಡಿಯೋ ಅಲೆಗಳೂ ಅಷ್ಟು ದೂರ ಹೋಗವು. ಅಲ್ಲದೆ ಅನೇಕ ಮನೆಗಳ ಇಂಟರ್ನೆಟ್ಟಿಗೆ ಹೊರಗಿನಿಂದ ಕರೆಯಬಹುದಾದ ಸ್ವಂತ ವಿಳಾಸವೇ ಇರುವುದಿಲ್ಲ. ಆದುದರಿಂದ ಮನೆಯೇ ಹೊರಗೆ ಕರೆಮಾಡಿ, ಆ ದಾರಿಯನ್ನು ತೆರೆದಿಟ್ಟುಕೊಳ್ಳಬೇಕು. ವೈರ್‌ಗಾರ್ಡ್ ಎಂಬ ಗುಪ್ತ ಸುರಂಗ ಒಂದು ಮಾರ್ಗ. ಎಂಕ್ಯೂಟಿಟಿ ಎಂಬ ಸಂದೇಶಕ್ರಮ ಇನ್ನೊಂದು.

ಈ ಎಂಕ್ಯೂಟಿಟಿಯನ್ನು ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಎಂಬುವರು 1999ರಲ್ಲಿ ರೂಪಿಸಿದರು. ಉದ್ದೇಶ, ಮರುಭೂಮಿಯ ತೈಲದ ಕೊಳವೆಗಳ ಸುದ್ದಿಯನ್ನು ಉಪಗ್ರಹದ ಮೂಲಕ ಮಿತವ್ಯಯದಲ್ಲಿ ತರಿಸುವುದು. ಇಲ್ಲಿ ನಡುವೆ ಒಬ್ಬ ದಲ್ಲಾಳಿಯಿದ್ದಾನೆ. ಸಂಪಿನ ಬಳಿಯ ಇಎಸ್‌ಪಿ 32 ಚಿಪ್ಪು ನೀರಿನ ಮಟ್ಟವನ್ನು ಅವನಿಗೆ ಒಪ್ಪಿಸುತ್ತದೆ. ಬೇಕಾದವರು ಅವನಿಂದ ಪಡೆಯುತ್ತಾರೆ. ನನಗೆ ಬಹಳ ಹಿಡಿಸಿದ ಏರ್ಪಾಡೆಂದರೆ ಇದರ ಉಯಿಲು. ಚಿಪ್ಪು ಸಂಪರ್ಕ ಬೆಳೆಸುವಾಗಲೇ ‘ನಾನು ಹೇಳದೆ ಕೇಳದೆ ಹೋದರೆ ಈ ಸಂದೇಶವನ್ನು ಎಲ್ಲರಿಗೂ ತಿಳಿಸು’ ಎಂದು ಬರೆದಿಡಬಹುದು. ಕರೆಂಟು ಹೋಗಿ ಮನೆ ಮೌನವಾದರೆ, ದಲ್ಲಾಳಿಯು ಸ್ವಲ್ಪ ಹೊತ್ತು ಕಾದು ಆ ಉಯಿಲನ್ನು ಓದುತ್ತಾನೆ. ದೂರದ ಮಗನಿಗೆ ಸುದ್ದಿ ಸಿಗುತ್ತದೆ. ಮನೆಯೊಳಗಿನ ಕಂಪ್ಯೂಟರೂ ಮನೆಯೊಡನೆಯೇ ಆರಿಹೋಗುವುದರಿಂದ ಅದಕ್ಕೆ ಈ ಸುದ್ದಿಯನ್ನು ಕೊಡಲು ಸಾಧ್ಯವಿಲ್ಲ. ದೂರದ ಸರ್ವರಿನ ನಿಜವಾದ ಪ್ರಯೋಜನ ಇದೇ ಎಂದು ನನ್ನ ಅಭಿಪ್ರಾಯ.

ಆದರೆ ಸುದ್ದಿ ಹೇಳುವುದು ಬೇರೆ, ಆಜ್ಞೆ ಮಾಡುವುದು ಬೇರೆ. 2025ರ ಅಕ್ಟೋಬರ್ 20ರಂದು ಅಮೆಜಾನಿನ ವರ್ಜೀನಿಯಾ ಕೇಂದ್ರದಲ್ಲಿ ಹೆಸರಿನಿಂದ ವಿಳಾಸ ಹುಡುಕುವ ವ್ಯವಸ್ಥೆ ಕೆಟ್ಟಾಗ, ಅನೇಕರ ಅಲೆಕ್ಸಾ ಮೂಕವಾಯಿತು, ರಿಂಗ್ ಕರೆಗಂಟೆಗಳು ಕೆಲಸ ಬಿಟ್ಟವು. ಅಷ್ಟು ದೂರವೇಕೆ, ಬೀದಿ ಅಗೆಯುವವರು ಕೇಬಲ್ಲು ಕಡಿದರೂ ಅದೇ ಫಲ. ‘ನಿಲ್ಲು’ ಎಂಬ ಮಾತು ಮುಂಬಯಿಯಿಂದಲೇ ಬರಬೇಕೆಂದಿದ್ದರೆ ಅಷ್ಟರಲ್ಲಿ ಟ್ಯಾಂಕು ಉಕ್ಕಿರುತ್ತದೆ. ಆದುದರಿಂದ ಆ ಮನೆಯಲ್ಲಿ ಮೋಟಾರು ನಿಲ್ಲಿಸುವ ಅಧಿಕಾರವನ್ನು ತೇಲುವ ಸ್ವಿಚ್ಚುಗಳಿಗೇ ಬಿಟ್ಟಿದೆ. ಸರ್ವರು ಕಳಿಸುವ ಆಜ್ಞೆಯೂ ‘ಓಡು’ ಎಂದಲ್ಲ, ‘10 ನಿಮಿಷ ಓಡು’ ಎಂದು. ಗಡಿಯಾರ ಚಿಪ್ಪಿನಲ್ಲಿದೆ, ಸಂಪರ್ಕ ಕಡಿದರೂ ಮೋಟಾರು ತಾನೇ ನಿಲ್ಲುತ್ತದೆ.

ಇನ್ನೊಂದು ಎಚ್ಚರಿಕೆಯನ್ನು ಹೇಳಲೇಬೇಕು. ಕಡೆಯ ಸಂದೇಶವನ್ನು ಕಾದಿಟ್ಟು, ಹೊಸದಾಗಿ ಬಂದವರಿಗೆ ಒಪ್ಪಿಸುವ ಸೌಕರ್ಯವೂ ದಲ್ಲಾಳಿಯಲ್ಲಿದೆ. ನೀರಿನ ಮಟ್ಟಕ್ಕೆ ಅದು ಒಳ್ಳೆಯದು. ಆಜ್ಞೆಗೆ ಮಾತ್ರ ಸಲ್ಲದು. ಬೆಳಿಗ್ಗೆಯ ಆಜ್ಞೆಯನ್ನು ಕಾದಿಟ್ಟರೆ, ರಾತ್ರಿ ಕರೆಂಟು ಬಂದೊಡನೆ ಮೋಟಾರು ಹೊರಡುತ್ತದೆ!

ಬಾಡಿಗೆಯ ಸರ್ವರು ಲೋಕಕ್ಕೆಲ್ಲ ಕಾಣುವ ಬಾಗಿಲು. ತಟ್ಟುವವರು ಹಗಲಿರುಳೂ ಇರುತ್ತಾರೆ. ಮೋಟಾರು ಎರಡು ದಿನ ಓಡದಿದ್ದರೆ ಮನೆಯಲ್ಲಿ ಯಾರೂ ಇಲ್ಲವೆಂದು ಕಳ್ಳನೂ ಊಹಿಸಬಲ್ಲನು. ಸಂದೇಶಗಳು ಬಯಲಾಗಿ ಸಾಗುವ 1883ನೆಯ ಪೋರ್ಟನ್ನು ಮುಚ್ಚಿ, ಗೂಢಲಿಪಿಯ 8883ನ್ನೇ ಬಳಸಬೇಕು. ಸುರಂಗಮಾರ್ಗವಿದ್ದರೆ ಹೋಮ್ ಅಸಿಸ್ಟೆಂಟಿನ ಪುಟವನ್ನು ಹೊರಗೆ ತೆರೆದಿಡುವ ಅಗತ್ಯವೇ ಇಲ್ಲ. ಸ್ಟಾರ್ಟರಿನ ಹಸಿರು, ಕೆಂಪು ಗುಂಡಿಗಳನ್ನು ಆ ಮನೆಯಲ್ಲಿ ಕೀಳಲಿಲ್ಲ. ಮನೆಯಾಕೆ ಇಂದಿಗೂ ಹೆಚ್ಚಾಗಿ ಅವನ್ನೇ ಒತ್ತುತ್ತಾರೆ.