ಅಂಬಾಸಡರ್ ಕಾರಿನ ಗಾಳಿಡಬ್ಬಿ: ಎಣ್ಣೆಯೋ, ಕಾಗದವೋ?

ಅಂಬಾಸಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಆದರೂ ಹಳೆಯ ಗಾಡಿಗಳು ಇನ್ನೂ ಓಡುತ್ತಿವೆ. ಅವನ್ನು ಇಟ್ಟುಕೊಂಡವರೂ, ನಡೆಸಿ ಹೊಟ್ಟೆ ಹೊರೆಯುವವರೂ ಮೆಕ್ಯಾನಿಕ್ಕನ ಬಾಯಿಂದ ಒಂದು ಮಾತು ಕೇಳಿರಬಹುದು: "ಎಣ್ಣೆ ಡಬ್ಬಿ ಕಿತ್ತು ಕಾಗದದ ಫಿಲ್ಟರ್ ಹಾಕಿಸಿ." ಹಾಕಿಸಬೇಕೆ?

ಗಾಡಿ ಎಷ್ಟು ಪೆಟ್ರೋಲ್ ಕುಡಿಯಿತೆಂದು ನಾವು ದಿನವೂ ಲೆಕ್ಕ ಹಾಕುತ್ತೇವೆ. ಗಾಳಿಯ ಲೆಕ್ಕ ಯಾರೂ ಹಾಕುವುದಿಲ್ಲ. 1489 ಸಿ.ಸಿ. ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಗಾತ್ರದಷ್ಟು ಗಾಳಿ ಎಳೆಯುತ್ತದೆ. ನಿಮಿಷಕ್ಕೆ 3000 ಸುತ್ತು ತಿರುಗಿದರೆ, ಲೆಕ್ಕದ ಪ್ರಕಾರ ಸುಮಾರು 2200 ಲೀಟರ್. ವಾಸ್ತವದಲ್ಲಿ ಸ್ವಲ್ಪ ಕಡಿಮೆ. ಆ ಗಾಳಿಯೊಡನೆ ಧೂಳೂ ಬರುತ್ತದೆ. ಹೈದರಾಬಾದಿನ ನೆಲ ಗ್ರಾನೈಟ್ ಬಂಡೆಯದು. ಅದರ ಪುಡಿಯಲ್ಲಿರುವ ಬೆಣಚುಕಲ್ಲಿನ ಕಣ ಸಿಲಿಂಡರಿನ ಕಬ್ಬಿಣಕ್ಕಿಂತ ಗಟ್ಟಿ. ಅದು ಒಳಹೊಕ್ಕರೆ ಪಿಸ್ಟನ್ ರಿಂಗುಗಳು ಸವೆದು, ಗಾಡಿ ನೀಲಿ ಹೊಗೆ ಬಿಡತೊಡಗುತ್ತದೆ. ಆಮೇಲೆ ಎಂಜಿನ್ ಬಿಚ್ಚಿಸುವ ಖರ್ಚಿಗೆ ತಿಂಗಳುಗಳ ಸಂಪಾದನೆಯೂ ಸಾಲದು.

ಎಣ್ಣೆ ಡಬ್ಬಿಯ ಉಪಾಯ ಸರಳವಾದದ್ದು. ಗಾಳಿ ಕೆಳಗಿಳಿದು, ಎಣ್ಣೆಯ ಮೇಲೆ ಥಟ್ಟನೆ ತಿರುಗಿ ಮೇಲೇರುತ್ತದೆ. ಭಾರವಾದ ಕಣ ತಿರುಗಲಾರದೆ ಎಣ್ಣೆಗೆ ಬೀಳುತ್ತದೆ; ಉಳಿದದ್ದರಲ್ಲಿ ಬಹುಪಾಲನ್ನು ಎಣ್ಣೆ ನೆನೆದ ಜಾಲರಿ ಹಿಡಿಯುತ್ತದೆ. ಇದೆಲ್ಲ ನಡೆಯುವುದು ಗಾಳಿಯ ವೇಗದಿಂದ. ಜಹೀರಾಬಾದಿನ ದಾರಿ ಹಿಡಿದು ಬೀದರಿಗೆ ಹೋಗುವಾಗ ಡಬ್ಬಿ ಚೆನ್ನಾಗಿಯೇ ದುಡಿಯುತ್ತದೆ. ಕೋಠಿಯಿಂದ ಚಾದರ್‌ಘಾಟಿನವರೆಗೆ ಬಸ್ಸುಗಳ ಹಿಂದೆ ತೆವಳುವಾಗ ಎಂಜಿನ್ ಮೆಲ್ಲಗೆ ಉಸಿರಾಡುತ್ತದೆ. ಆಗಲೇ ನಯವಾದ ಧೂಳು ತಪ್ಪಿಸಿಕೊಳ್ಳುವುದು. ಕಾಗದದ ಫಿಲ್ಟರಿಗೆ ಈ ವೇಗದ ಹಂಗಿಲ್ಲ. ಆದುದರಿಂದ ಊರೊಳಗೇ ಓಡುವ ಗಾಡಿಗೆ ಕಾಗದವೇ ಮೇಲೆಂದು ನನ್ನ ಅಭಿಪ್ರಾಯ.

ಆದರೆ ಹಳೆಯ ಡಬ್ಬಿಯನ್ನು ಗುಜರಿಗೆ ಹಾಕಬೇಡಿ. ಎಣ್ಣೆ ಚೆಲ್ಲಿ, ಜಾಲರಿ ತೆಗೆದು, ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ಅದರೊಳಗೇ ಕೂರುವಂಥ ಕಾಗದದ ಸುರುಳಿಯನ್ನು ಆರಿಸಿಕೊಳ್ಳಬೇಕು. ಅದು ಇಷ್ಟೇ ದೊಡ್ಡ ಅಥವಾ ಇದಕ್ಕಿಂತ ದೊಡ್ಡ ಎಂಜಿನ್ನಿಗೆಂದು ಮಾಡಿದ್ದಾಗಿರಬೇಕು. ಚಿಕ್ಕದಾದರೆ ಉಸಿರು ಕಟ್ಟುತ್ತದೆ. ಬಾನೆಟ್ಟಿನೊಳಗೆ ಬೋಳಾಗಿ ನಿಲ್ಲುವ ಶಂಕುವಿನಾಕಾರದ ಫಿಲ್ಟರು ಬರಿಯ ಶೋಕಿ. ಅದು ಎಂಜಿನ್ನಿನ ಬಿಸಿಗಾಳಿಯನ್ನೇ ಕುಡಿಯುತ್ತದೆ, ಗದ್ದಲವೂ ಹೆಚ್ಚು.

ಮುಖ್ಯವಾದದ್ದು ಅಂಚು. ಸುರುಳಿಯ ಮೇಲೂ ಕೆಳಗೂ ರಬ್ಬರ್ ವಾಷರ್ ಬಿಗಿಯಾಗಿ ಒತ್ತಿ ಕೂರಬೇಕು. ಕೂದಲೆಳೆಯಷ್ಟು ಸಂದಿಯಿದ್ದರೂ ಧೂಳು ಕಾಗದವನ್ನು ಬಳಸಿಕೊಂಡು ಒಳಹೋಗುತ್ತದೆ. ಎಂಜಿನ್ನಿನ ಉಸಿರುಕೊಳವೆ ಡಬ್ಬಿಗೆ ಸೇರಿದ್ದರೆ, ಅದರ ಎಣ್ಣೆಯಾವಿ ಕಾಗದವನ್ನು ತೋಯಿಸೀತು. ಕೊಳವೆಯ ಬಾಯಿ ಸುರುಳಿಯ ಒಳಮಗ್ಗುಲಿಗೆ ಬರುವಂತೆ ಮಾಡಿಸಿ, ಅದನ್ನು ಮುಚ್ಚಿಸಲೇಕೂಡದು.

ಕೆಲಸ ಸರಿಯಾಯಿತೇ ಎಂದು ತಿಳಿಯಲು, ಕಾರ್ಬುರೇಟರಿಗೆ ಹೋಗುವ ಕೊಳವೆಯ ಒಳಗೋಡೆಗೆ ತೆಳ್ಳಗೆ ಗ್ರೀಸ್ ಸವರಿಡಿ. ಕೆಲವು ದಿನ ಓಡಿಸಿ, ಬಿಳಿಯ ಬಟ್ಟೆಯಿಂದ ಒರೆಸಿ ನೋಡಿ. ಬೆರಳಿಗೆ ಮರಳಿನಂತೆ ಗರಗರ ಎನಿಸಿದರೆ ಎಲ್ಲೋ ಸಂದಿಯಿದೆ. ಪ್ಲಗ್ಗನ್ನೂ ಬಿಚ್ಚಿ ನೋಡಿ: ತುದಿ ತಿಳಿಗಂದಾಗಿದ್ದರೆ ಸರಿ; ಒಣ ಮಸಿ ಹಿಡಿದಿದ್ದರೆ ಗಾಳಿ ಸಾಲದು ಅಥವಾ ಪೆಟ್ರೋಲ್ ಹೆಚ್ಚು, ಕಾರ್ಬುರೇಟರನ್ನು ಹೊಂದಿಸಬೇಕು. ಕಾಗದವನ್ನು ಪೆಟ್ರೋಲಿನಲ್ಲಾಗಲಿ ನೀರಿನಲ್ಲಾಗಲಿ ತೊಳೆಯಬೇಡಿ. ಕೊಳೆಯಾದಾಗ ಹೊಸದನ್ನೇ ಹಾಕಿಸಿ.